ಗೋಡೆಗೆ ನೇತು ಹಾಕಿದ ಲೆಕ್ಕದ ಪುಸ್ತಕ

"ನಂಗೂ ಲೆಕ್ಕಕ್ಕೂ ಆಗಿಬರಲ್ಲಪ್ಪ" ಅನ್ನೋ ಮಾತನ್ನು ನಮ್ಮ ಜನ ಎಷ್ಟು ಆರಾಮಾಗಿ ಹೇಳ್ತಾರೆ, ಗಮನಿಸಿದ್ದೀರಾ? ಮದುವೆ ಮನೆಯ ಪಂಕ್ತಿಯಲ್ಲಿ, ಆಫೀಸಿನ ಕಾಫಿ ಮೆಷಿನ್ ಹತ್ತಿರ, ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ... ಎಲ್ಲಿ ಬೇಕಾದರೂ ಕೇಳಬಹುದು. ಓದೋಕೆ ಬರಲ್ಲ ಅಂತ ಹೇಳಿಕೊಳ್ಳೋಕೆ ಯಾರಿಗಾದರೂ ನಾಚಿಕೆಯಾಗುತ್ತದೆ. ಲೆಕ್ಕ ಬರಲ್ಲ ಅನ್ನೋದಕ್ಕೆ ಮಾತ್ರ ಆ ನಾಚಿಕೆ ಇಲ್ಲ. ಕೇಳಿದವರೂ "ನಂಗೂ ಅಷ್ಟೇ ಕಣ್ರೀ" ಅಂತ ನಕ್ಕು ಸುಮ್ಮನಾಗುತ್ತಾರೆ.

ತಮಾಷೆ ಏನಂದ್ರೆ, ಹಾಗೆ ಹೇಳಿದವರೇ ಐದು ನಿಮಿಷ ಬಿಟ್ಟು ಚೀಟಿ ಎತ್ತಿದರೆ ಲಾಭವೋ ಬಡ್ಡಿಗೆ ಸಾಲ ತಂದರೆ ಲಾಭವೋ ಅಂತ ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಾರೆ. ನಮ್ಮಜ್ಜಿ ಓದಿದ್ದು ಎರಡನೇ ಕ್ಲಾಸು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಅವಳಿಗೆ ಬಾಯಿಪಾಠ. ಸಂತೆಯಲ್ಲಿ ಹೂವಿನವಳು ಮೊಳ ಅಳೆದು ಮುಗಿಸೋದರೊಳಗೆ ಚಿಲ್ಲರೆ ಎಷ್ಟು ವಾಪಸ್ ಬರಬೇಕು ಅಂತ ಹೇಳಿರುತ್ತಿದ್ದಳು. "ಅಜ್ಜಿ, ನಿಂಗೆ ಎಷ್ಟು ಚೆನ್ನಾಗಿ ಲೆಕ್ಕ ಬರುತ್ತೆ" ಅಂದರೆ, "ಅಯ್ಯೋ ನಂಗೆಲ್ಲಿ ಬರುತ್ತೆ ಮಗಾ, ನಾನೇನು ಇಸ್ಕೂಲಿಗೆ ಹೋಗಿದೀನಾ" ಅನ್ನುತ್ತಿದ್ದಳು.

ಹಾಗಾದರೆ ನಾವೆಲ್ಲ ಹೆದರಿದ್ದು ಯಾವುದಕ್ಕೆ? ಸಂಖ್ಯೆಗಳಿಗಂತೂ ಇರಲಿಕ್ಕಿಲ್ಲ. ಕರಿಹಲಗೆ ಮುಂದೆ ಸೀಮೆಸುಣ್ಣ ಹಿಡಿದು ನಿಂತಾಗ ಬೆನ್ನ ಹಿಂದಿನಿಂದ ಬರುವ "ಇಷ್ಟೂ ಗೊತ್ತಾಗಲ್ವಾ" ಅನ್ನೋ ದನಿಗೆ ಹೆದರಿದೆವು ಅನಿಸುತ್ತದೆ.

ಆ ಹೆದರಿಕೆ ಬಿಡಿಸೋಕೆ ಅಂತಲೇ ಜೀವ ತೇಯ್ದ ಒಬ್ಬ ಮೇಷ್ಟ್ರ ಬಗ್ಗೆ ಇವತ್ತು ಬರೀಬೇಕು ಅನ್ನಿಸಿತು. ಹೆಸರು ಪಿ. ಕೆ. ಶ್ರೀನಿವಾಸನ್. ಹುಟ್ಟಿದ್ದು 1924ರಲ್ಲಿ, ತೀರಿಕೊಂಡದ್ದು 2005ರಲ್ಲಿ. ಮದರಾಸಿನ ಮುತ್ತಿಯಾಲ್‌ಪೇಟೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಫುಲ್‌ಬ್ರೈಟ್ ಯೋಜನೆಯಲ್ಲಿ ಅಮೆರಿಕಕ್ಕೆ ಹೋಗಿ ಕಲಿಸಿ ಬಂದರು, ನೈಜೀರಿಯಾದಲ್ಲೂ ಕಲಿಸಿದರು. ಆದರೂ ಅವರನ್ನು ಬಲ್ಲವರು ಅವರನ್ನು ನೆನಪಿಟ್ಟುಕೊಂಡಿರುವುದು ಹೈಸ್ಕೂಲ್ ಮೇಷ್ಟ್ರು ಅಂತಲೇ.

ನಮ್ಮ ಕಡೆ ಅವರ ಹೆಸರು ಕೇಳಿದವರು ಕಡಿಮೆ. ನನಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಹುಡುಗಿಯ ದೆಸೆಯಿಂದ.

ನಾನಿರುವ ಬಿಲ್ಡಿಂಗಿನ ವಾಚ್‌ಮನ್ ಬಾಗಲಕೋಟೆ ಕಡೆಯವರು. ಗೇಟಿನ ಪಕ್ಕದ ಒಂದೇ ಕೋಣೆಯಲ್ಲಿ ಸಂಸಾರ. ಅವರ ದೊಡ್ಡ ಮಗಳು ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೇ ಕ್ಲಾಸು ಓದುತ್ತಿದ್ದಳು. ಒಂದು ದಿನ ನೀರಿನ ಟ್ಯಾಂಕರಿಗೆ ಕಾಯುತ್ತಾ ನಿಂತಿದ್ದಾಗ ಅವರಪ್ಪ ಅಂದರು: "ಎಲ್ಲಾದರಾಗೂ ಪಾಸ್ ಆಗ್ತಾಳ್ರಿ ಸರ. ಲೆಕ್ಕದಾಗ ಮಾತ್ರ ಬರೇ ಒಂದಂಕಿ, ಎಲ್ಡಂಕಿ. ಈ ಸಲ ಫೇಲ್ ಆದ್ಳಂದ್ರ ಊರಿಗೆ ಕಳಿಸಿಬಿಡೂದ ರೀ. ಇಲ್ಲಿ ಇಟ್ಕೊಂಡು ಏನ್ ಮಾಡೂದು?"

ಊರಿಗೆ ಕಳಿಸೋದು ಅಂದ್ರೆ ಏನು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಊರಲ್ಲಿ ಸೋದರಮಾವ ಇದ್ದಾನೆ. ಒಂದೆರಡು ವರ್ಷದಲ್ಲಿ ಮದುವೆ. ಮುಗೀತು. ಒಂದು ವಿಷಯದಲ್ಲಿ ಹತ್ತಿಪ್ಪತ್ತು ಮಾರ್ಕ್ಸು ಕಮ್ಮಿ ಬಂದರೆ ನನ್ನಂಥವನ ಮನೆಯಲ್ಲಿ ಟ್ಯೂಷನ್ ಹಾಕಿಸುತ್ತಾರೆ. ಅದೇ ಮಾರ್ಕ್ಸು ಅವಳ ಮನೆಯಲ್ಲಿ ಅವಳ ಇಡೀ ಬದುಕಿನ ದಿಕ್ಕನ್ನೇ ಬದಲಾಯಿಸುತ್ತೆ. ಲೆಕ್ಕವನ್ನು ಎಲ್ಲರಿಗೂ ಎಟುಕಿಸಬೇಕು ಅನ್ನೋ ಮಾತು ಭಾಷಣದಲ್ಲಿ ಕೇಳಿದಾಗ ಚಂದದ ಆಶಯ ಅನ್ನಿಸುತ್ತೆ. ಗೇಟಿನ ಹತ್ತಿರ ನಿಂತು ಕೇಳಿದಾಗ ಬೇರೆಯೇ ಥರ ಕೇಳಿಸುತ್ತೆ.

ಸರಿ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಕೂರೋಣ ಅಂದೆ. ಮೊದಲ ವಾರ ಪುಸ್ತಕ ತಂದಳು. ಬಹುಪದೋಕ್ತಿ ಅಂದ್ರೇನು ಅಂತ ಕೇಳಿದರೆ ವ್ಯಾಖ್ಯೆಯನ್ನು ಒಂದೇ ಉಸಿರಿಗೆ ಹೇಳಿದಳು, ಒಂದಕ್ಷರ ತಪ್ಪಿಲ್ಲ. ಅದರಲ್ಲಿ ಎಕ್ಸ್ ಅಂದ್ರೆ ಏನು ಅಂದೆ. ತಲೆ ತಗ್ಗಿಸಿ ಕೂತಳು. ನಾನು ಪ್ರಶ್ನೆ ಕೇಳಿದಾಗೆಲ್ಲ ಉತ್ತರ ಹುಡುಕುವ ಬದಲು ನನ್ನ ಮುಖ ನೋಡುತ್ತಿದ್ದಳು, ನನ್ನ ಮುಖದಲ್ಲಿ ಉತ್ತರ ಬರೆದಿದೆಯೇನೋ ಅನ್ನೋ ಹಾಗೆ. ಎಂಟನೇ ಕ್ಲಾಸಿನ ಲೆಕ್ಕದಿಂದ ಹತ್ತನೆಯದರ ತನಕ ಎಲ್ಲವನ್ನೂ ಮತ್ತೆ ಹೇಳಿಕೊಡುವಷ್ಟು ಟೈಮೂ ಇರಲಿಲ್ಲ.

ಆ ರಾತ್ರಿ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅರವಿಂದ್ ಗುಪ್ತ ಅವರ ತಾಣ. ಗೊತ್ತಲ್ಲ, ಐಐಟಿ ಕಾನ್ಪುರದಲ್ಲಿ ಓದಿ, ಕಸದಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾ ಬಂದವರು, 2018ರಲ್ಲಿ ಪದ್ಮಶ್ರೀ ಬಂತಲ್ಲ, ಅವರೇ. ಅವರು ಪುಕ್ಕಟೆ ಓದೋಕೆ ಇಟ್ಟಿರುವ ಪುಸ್ತಕಗಳ ರಾಶಿಯಲ್ಲಿ ಒಂದು ತೆಳ್ಳನೆಯ ಪುಸ್ತಕ, 'ನಂಬರ್ ಫನ್ ವಿತ್ ಎ ಕ್ಯಾಲೆಂಡರ್'. ಬರೆದವರು ಪಿ. ಕೆ. ಶ್ರೀನಿವಾಸನ್. ಅದರಲ್ಲಿ ಬೇಕಾದ ಉಪಕರಣ ಒಂದೇ, ಗೋಡೆ ಮೇಲಿನ ಕ್ಯಾಲೆಂಡರು. ಅದಿಲ್ಲದ ಮನೆ ನಮ್ಮ ದೇಶದಲ್ಲಿ ಇದೆಯಾ? ಕಿರಾಣಿ ಅಂಗಡಿಯವರು ಕೊಟ್ಟ ದೇವರ ಫೋಟೋದ ಒಂದಾದರೂ ಇದ್ದೇ ಇರುತ್ತೆ.

ಮುಂದಿನ ಭಾನುವಾರ ಪುಸ್ತಕ ಬೇಡ, ಮನೆಯ ಕ್ಯಾಲೆಂಡರ್ ತಗೊಂಡು ಬಾ ಅಂದೆ. ಮಾಡಿದ್ದಿಷ್ಟು. ನೀವೂ ಎದ್ದು ಹೋಗಿ ಮಾಡಿ ನೋಡಿ, ಓದೋದಕ್ಕಿಂತ ಮಜಾ ಇದೆ.

ಒಂದು ತಿಂಗಳಲ್ಲಿ ಒಂಬತ್ತು ತಾರೀಖುಗಳ ಒಂದು ಚೌಕ ಗುರುತು ಮಾಡಿ. ಉದಾಹರಣೆಗೆ 8, 9, 10. ಅದರ ಮುಂದಿನ ವಾರದ 15, 16, 17. ಅದರ ಮುಂದಿನ 22, 23, 24. ಅತಿ ಚಿಕ್ಕ ಸಂಖ್ಯೆ ಯಾವುದು ಅಂತ ಮಾತ್ರ ಹೇಳಿ, ಒಂಬತ್ತರ ಮೊತ್ತವನ್ನು ನಾನು ಹೇಳುತ್ತೇನೆ. 8 ಅಂದ್ರಾ? 144. ಕೂಡಿ ನೋಡಿ. ಚಿಕ್ಕ ಸಂಖ್ಯೆಗೆ 8 ಸೇರಿಸಿದರೆ ನಡುವಿನ ಸಂಖ್ಯೆ ಬರುತ್ತೆ, ಅದನ್ನು 9ರಿಂದ ಗುಣಿಸಿದರೆ ಮೊತ್ತ. ಯಾಕೆ ಅಂದ್ರೆ ನಡುವಿನ ಸಂಖ್ಯೆಯ ಆಚೆ ಈಚೆ ಎದುರುಬದುರು ಇರುವ ಜೋಡಿಗಳಲ್ಲಿ ಒಂದು ಎಷ್ಟು ಜಾಸ್ತಿಯೋ ಇನ್ನೊಂದು ಅಷ್ಟೇ ಕಮ್ಮಿ. 15ರಲ್ಲಿ ಕಮ್ಮಿಯಾದ ಒಂದನ್ನು 17 ತುಂಬಿಕೊಡುತ್ತೆ, 8ರಲ್ಲಿ ಕಮ್ಮಿಯಾದ ಎಂಟನ್ನು 24 ತುಂಬಿಕೊಡುತ್ತೆ. ಸರಾಸರಿ ಅನ್ನೋ ಪಾಠದ ಇಡೀ ತಿರುಳು ಇದೇ ಅಲ್ವಾ?

ಇಷ್ಟಕ್ಕೇ ಆ ಹುಡುಗಿ ಕಣ್ಣರಳಿಸಿದಳು, ಹೋಗಿ ತಮ್ಮನ ಮೇಲೆ ಪ್ರಯೋಗ ಮಾಡಿ ಬಂದಳು. ಮನೆಯಲ್ಲಿ ಮೊದಲ ಸಲ ಲೆಕ್ಕದಲ್ಲಿ ಯಾರನ್ನೋ ಸೋಲಿಸಿದ್ದಳು :)

ಆಮೇಲೆ ಎರಡನೆಯದು. ನಾಲ್ಕೇ ತಾರೀಖುಗಳ ಚೌಕ. 8, 9, ಅದರ ಕೆಳಗೆ 15, 16. ಮೂಲೆಯಿಂದ ಮೂಲೆಗೆ ಗುಣಿಸಬೇಕು. 8 ಗುಣಿಸು 16 ಅಂದ್ರೆ 128. 9 ಗುಣಿಸು 15 ಅಂದ್ರೆ 135. ವ್ಯತ್ಯಾಸ 7. ಬೇರೆ ನಾಲ್ಕು ತಗೋ ಅಂದೆ. 7. ಇನ್ನೊಂದು. ಅದೂ 7. ತಾನೇ ತಿಂಗಳು ತಿರುವಿ ನೋಡಿದಳು, 7.

"ಎಲ್ಲಾ ತಿಂಗಳದಾಗೂ ಬರ್ತೈತೇನ್ರಿ ಅಣ್ಣಾರ?"

ಈ ಪ್ರಶ್ನೆ ಬಂದ ಕ್ಷಣ ನನಗೆ ರೋಮಾಂಚನ ಆಯ್ತು ಅಂದ್ರೆ ನೀವು ನಗಬಾರದು. ನಾವು ಸಾಫ್ಟ್‌ವೇರ್ ಜನ ಹತ್ತು ಟೆಸ್ಟ್ ಕೇಸ್ ಪಾಸಾದರೆ ಕೋಡ್ ಸರಿ ಇದೆ ಅಂತ ಮನೆಗೆ ಹೋಗುವವರು. "ಎಲ್ಲಾದಕ್ಕೂ ಬರುತ್ತಾ" ಅಂತ ಕೇಳೋದು ಗಣಿತದ ಬುದ್ಧಿ. ಬರುತ್ತೆ ಅಂತ ನಾನು ಹೇಳಲಿಲ್ಲ. ಎಲ್ಲಾ ತಿಂಗಳನ್ನೂ ಎಲ್ಲಾ ವರ್ಷವನ್ನೂ ಕೂತು ನೋಡ್ತೀಯಾ ಅಂದೆ. ಅದು ಆಗಲ್ಲ ಅಂದಳು. ಹಾಗಾದ್ರೆ ಮೊದಲನೇ ತಾರೀಖು ಯಾವುದಾದರೂ ಇರಲಿ, ಅದನ್ನು ಒಂದು ಡಬ್ಬಿಯೊಳಗೆ ಮುಚ್ಚಿಟ್ಟಿದೀನಿ ಅಂದ್ಕೋ, ಅದರ ಪಕ್ಕದ್ದು ಎಷ್ಟು? ಡಬ್ಬಿ ಕೂಡಿಸು ಒಂದು. ಕೆಳಗಿನದು? ಡಬ್ಬಿ ಕೂಡಿಸು ಏಳು. ಮೂಲೆಯದು? ಡಬ್ಬಿ ಕೂಡಿಸು ಎಂಟು. ಈಗ ಗುಣಿಸು.

ಒಂದು ಕಡೆ ಡಬ್ಬಿಯ ವರ್ಗ, ಎಂಟು ಡಬ್ಬಿ. ಇನ್ನೊಂದು ಕಡೆ ಡಬ್ಬಿಯ ವರ್ಗ, ಎಂಟು ಡಬ್ಬಿ, ಮತ್ತೆ ಏಳು. ಅಷ್ಟು ಹೊತ್ತು ಬರೆದಿದ್ದನ್ನು ನೋಡುತ್ತಾ ಕೂತಿದ್ದಳು. ಪುಸ್ತಕದ ಎಕ್ಸ್ ಅಂದ್ರೆ ಈ ಡಬ್ಬಿಯೇ ಅಂತ ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಆಮೇಲೆ ಅವಳು ಕೇಳಿದ ಪ್ರಶ್ನೆ ಇದು:

"ವಾರಕ್ಕ ಐದ ದಿನ ಇದ್ದಿದ್ರ ಐದ ಬರ್ತಿತ್ತೇನ್ರಿ?"

ಹೌದು, ಐದೇ ಬರ್ತಿತ್ತು. ಹತ್ತು ದಿನದ ವಾರ ಇದ್ದಿದ್ದರೆ ಹತ್ತು ಬರ್ತಿತ್ತು. ನೀವೇ ಒಂದರಿಂದ ನೂರರ ತನಕ ಹತ್ತತ್ತರ ಸಾಲಿನಲ್ಲಿ ಬರೆದು ನೋಡಿ. ಒಂಬತ್ತು ತಾರೀಖಿನ ಚೌಕದ ಮೂಲೆಗಳನ್ನು ಗುಣಿಸಿದರೆ ವ್ಯತ್ಯಾಸ 28, ಹದಿನಾರರ ಚೌಕದಲ್ಲಾದರೆ 63. ಏಳೊಂದ್ಲಿ, ಏಳ್ನಾಲ್ಕ್ಲಿ, ಏಳೊಂಬತ್ಲಿ... ಒಂದು, ನಾಲ್ಕು, ಒಂಬತ್ತು ಎಲ್ಲಿಂದ ಬಂತು ಅಂತ ಯೋಚಿಸಿದರೆ ಒಂದು ಸಂಜೆ ಹೇಗೆ ಕಳೆಯಿತು ಗೊತ್ತಾಗಲ್ಲ. ಅಂದ ಹಾಗೆ, ಕೆಲವು ಕ್ಯಾಲೆಂಡರಿನಲ್ಲಿ ವಾರ ಅಡ್ಡಡ್ಡ ಇರುತ್ತೆ, ಕೆಲವದರಲ್ಲಿ ಮೇಲಿಂದ ಕೆಳಗೆ. ಲೆಕ್ಕಕ್ಕೆ ಎರಡೂ ಒಂದೇ.

ಇಷ್ಟಾದ ಮೇಲೆ ಈ ಪುಸ್ತಕ ಬರೆದ ಮನುಷ್ಯ ಯಾರು ಅಂತ ಕುತೂಹಲ ಹುಟ್ಟಿತು.

ಶ್ರೀನಿವಾಸನ್ ಅವರಿಗೆ ಎರಡು ಹುಚ್ಚು. ಒಂದು ಮಕ್ಕಳು, ಇನ್ನೊಂದು ರಾಮಾನುಜನ್. ಶ್ರೀನಿವಾಸ ರಾಮಾನುಜನ್ ತೀರಿಕೊಂಡದ್ದು 1920ರಲ್ಲಿ, ಮೂವತ್ತೆರಡನೇ ವಯಸ್ಸಿಗೆ. ನಲವತ್ತು ವರ್ಷ ಕಳೆದ ಮೇಲೆ ಅವರನ್ನು ಕಣ್ಣಾರೆ ಕಂಡವರು, ಜೊತೆಗೆ ಓದಿದವರು ಒಬ್ಬೊಬ್ಬರೇ ಮರೆಯಾಗುತ್ತಿದ್ದರು. ಆಗ ಅವರ ಪತ್ರಗಳನ್ನೂ ಬಲ್ಲವರ ನೆನಪುಗಳನ್ನೂ ಕಲೆಹಾಕಿದ್ದು ಈ ಹೈಸ್ಕೂಲ್ ಮೇಷ್ಟ್ರು. 1968ರಲ್ಲಿ ಅವು ಎರಡು ಸಂಪುಟಗಳಾಗಿ ಬಂದವು. ಪ್ರಕಟಿಸಿದವರು ಯಾರು ಅಂದುಕೊಂಡ್ರಿ? ಅದೇ ಮುತ್ತಿಯಾಲ್‌ಪೇಟೆ ಹೈಸ್ಕೂಲಿನ 'ನಂಬರ್ ಫ್ರೆಂಡ್ಸ್ ಸೊಸೈಟಿ', ಹಳೆ ವಿದ್ಯಾರ್ಥಿಗಳ ಸಮಿತಿ! ಸಂಖ್ಯೆಗಳ ಗೆಳೆಯರ ಬಳಗ. ಎಂಥಾ ಹೆಸರು ನೋಡಿ. ನಮ್ಮ ಶಾಲೆಗಳಲ್ಲಿ ಹಳೆ ವಿದ್ಯಾರ್ಥಿಗಳ ಸಂಘ ಅಂದ್ರೆ ವರ್ಷಕ್ಕೊಂದು ಊಟ, ಒಂದು ಶಾಲು, ಒಂದು ಗ್ರೂಪ್ ಫೋಟೋ. ಅಲ್ಲಿ ಒಬ್ಬ ಮೇಷ್ಟ್ರ ಹಿಂದೆ ನಿಂತು ಪುಸ್ತಕ ತಂದಿದ್ದಾರೆ. ಮುಂದೆ 1991ರಲ್ಲಿ ರಾಬರ್ಟ್ ಕನಿಗೆಲ್ ರಾಮಾನುಜನ್ ಅವರ ಪ್ರಸಿದ್ಧ ಜೀವನಚರಿತ್ರೆ ಬರೆದಾಗ ಆಸರೆಯಾದ ಆಕರಗಳಲ್ಲಿ ಇದೂ ಒಂದು. ಸಿನಿಮಾ ನೋಡಿ ಕಣ್ಣೀರು ಹಾಕಿದ ನಮ್ಮಲ್ಲಿ ಯಾರಿಗೂ ಈ ಮೇಷ್ಟ್ರ ಹೆಸರು ಗೊತ್ತಾಗಿಲ್ಲ, ಪರವಾಗಿಲ್ಲ. ಅವರಿಗೆ ಅದರ ಚಿಂತೆ ಇದ್ದ ಹಾಗೂ ಕಾಣಲ್ಲ.

ಈ ಎರಡು ಹುಚ್ಚಿಗೂ ನಂಟಿದೆ ಅಂತ ನನಗನ್ನಿಸುತ್ತೆ. ರಾಮಾನುಜನ್ ಅಂದ ಕೂಡಲೇ ನಾವು "ಅವರು ದೈವಾಂಶ, ಬಿಡಿ" ಅಂತ ಕೈಮುಗಿದು ಪಕ್ಕಕ್ಕೆ ಸರಿಯುತ್ತೇವೆ. ಆದರೆ ಅವರೂ ಕುಂಭಕೋಣದ ಒಂದು ಶಾಲೆಗೆ ಹೋದ ಹುಡುಗ. ಕಾಗದ ದುಬಾರಿ ಅಂತ ಸ್ಲೇಟಿನ ಮೇಲೆ ಲೆಕ್ಕ ಮಾಡಿ ಮೊಣಕೈಯಲ್ಲಿ ಒರೆಸುತ್ತಿದ್ದವರು. ಹದಿಹರೆಯದಲ್ಲಿ ಕೈಗೆ ಸಿಕ್ಕಿದ್ದು ಜಿ. ಎಸ್. ಕಾರ್ ಬರೆದ ಒಂದು ಪುಸ್ತಕ, ಅದರ ತುಂಬ ಸಾವಿರಾರು ಫಲಿತಾಂಶಗಳು, ಹೆಚ್ಚಿನವಕ್ಕೆ ಪೂರ್ತಿ ಸಾಧನೆಯೇ ಇಲ್ಲ. ಯಾಕೆ, ಹೇಗೆ ಅಂತ ಹುಡುಗ ತಾನೇ ಕಂಡುಕೊಳ್ಳಬೇಕಾಯಿತು. ಕಾಲೇಜಿನಲ್ಲಿ ಗಣಿತ ಬಿಟ್ಟು ಉಳಿದದ್ದರಲ್ಲಿ ಫೇಲಾಗಿ ವಿದ್ಯಾರ್ಥಿ ವೇತನ ಕಳೆದುಕೊಂಡರು. ಈ ಕಥೆಯನ್ನು ಮೂವತ್ತು ವರ್ಷ ಎದೆಗಿಟ್ಟುಕೊಂಡ ಮೇಷ್ಟ್ರಿಗೆ ತನ್ನ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತವನನ್ನು "ಇವನ ಕೈಲಾಗಲ್ಲ" ಅನ್ನೋಕೆ ಮನಸ್ಸು ಬರುತ್ತಾ?

ಅವರು ಭಾರತದ ಗಣಿತ ಶಿಕ್ಷಕರ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ಅದು ಶುರುವಾಗಿದ್ದು 1965ರಲ್ಲಿ, ಮದರಾಸಿನಲ್ಲೇ. ಶಾಲೆಗಳ ಗಣಿತ ಕ್ಲಬ್ಬುಗಳಲ್ಲಿ ಏನೇನು ಮಾಡಿಸಬಹುದು ಅಂತ ಅವರು ಬರೆದ ಕೈಪಿಡಿಯನ್ನು ಎನ್‌ಸಿಇಆರ್‌ಟಿ ಪ್ರಕಟಿಸಿತು. 1993ರಲ್ಲಿ ಚೆನ್ನೈನ ರಾಯಪುರಂನಲ್ಲಿ ಎ. ಟಿ. ಬಿ. ಬೋಸ್ ಅವರು ರಾಮಾನುಜನ್ ಮ್ಯೂಸಿಯಂ ಮತ್ತು ಗಣಿತ ಶಿಕ್ಷಣ ಕೇಂದ್ರ ತೆರೆದಾಗ ಅದಕ್ಕೆ ಬೆನ್ನೆಲುಬಾಗಿ ನಿಂತವರೂ ಶ್ರೀನಿವಾಸನ್ ಅವರೇ. ಆಗ ವಯಸ್ಸು ಅರವತ್ತೊಂಬತ್ತು! ರಿಟೈರ್ ಆದ ಮೇಲೆ ವಾಕಿಂಗ್ ಮಾಡಿಕೊಂಡು ಇರಬಹುದಿತ್ತು. ಅವರು ಉತ್ತರ ಚೆನ್ನೈನ ಬಂದರು, ಗೋದಾಮು, ಮೀನುಗಾರರ ಓಣಿಗಳ ನಡುವೆ ಮಕ್ಕಳಿಗೆ ಗಣಿತದ ಮನೆ ಮಾಡಿಟ್ಟರು. ರಾಮಾನುಜನ್ ಹೆಸರಿನ ಸಂಸ್ಥೆಗಳು ದೇಶದಲ್ಲಿ ಎಷ್ಟೋ ಇವೆ, ಅಲ್ಲೆಲ್ಲ ಒಳಗೆ ಹೋಗೋಕೆ ಡಿಗ್ರಿ ಬೇಕು. ಇಲ್ಲಿ ಬರೋಕೆ ಮಗುವಾಗಿದ್ದರೆ ಸಾಕು.

ಅವರ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಮಕ್ಕಳ ಗಣಿತ ಮೇಳಗಳು. ವಿಜ್ಞಾನ ಮೇಳ ನಾವೆಲ್ಲ ಕಂಡಿದ್ದೇವೆ. ಥರ್ಮಾಕೋಲಿನ ಜ್ವಾಲಾಮುಖಿ, ಅದನ್ನು ಮಾಡಿದ್ದು ಅಪ್ಪ, ನಿಂತು ಗಿಳಿಪಾಠ ಒಪ್ಪಿಸೋದು ಮಗ :) ಗಣಿತ ಮೇಳದಲ್ಲಿ ಮಗು ತಾನು ಕಂಡುಕೊಂಡಿದ್ದನ್ನು ಬಂದವರಿಗೆ ವಿವರಿಸಬೇಕು. ಬಂದ ದೊಡ್ಡವರು ಪ್ರಶ್ನೆ ಕೇಳುತ್ತಾರೆ. ಯಾಕೆ ಏಳೇ ಬಂತು, ಎಂಟು ಯಾಕೆ ಬರಲಿಲ್ಲ? ಉರು ಹೊಡೆದವನು ಅಲ್ಲಿ ಸಿಕ್ಕಿಬೀಳುತ್ತಾನೆ, ಅರ್ಥ ಮಾಡಿಕೊಂಡವನು ಗೆಲ್ಲುತ್ತಾನೆ. ಮಾರ್ಕ್ಸು ಎಷ್ಟೇ ಇರಲಿ, ಒಂದು ವಿಷಯದ ಬಗ್ಗೆ ಎದುರಿಗಿರುವ ದೊಡ್ಡವರಿಗಿಂತ ತನಗೆ ಜಾಸ್ತಿ ಗೊತ್ತು ಅನ್ನೋ ಧೈರ್ಯ ಒಂದು ಸಲ ಬಂದರೆ ಸಾಕು, ಅದು ಹೋಗಲ್ಲ.

ಈಗ ಲೆಕ್ಕವನ್ನು ಸುಲಭ ಮಾಡುತ್ತೇವೆ ಅನ್ನೋರಿಗೇನು ಬರವಿಲ್ಲ. ಮೊಬೈಲ್ ತೆರೆದರೆ ಹತ್ತು ಸೆಕೆಂಡಿನಲ್ಲಿ ವರ್ಗಮೂಲ, ಬೆರಳಲ್ಲಿ ಒಂಬತ್ತರ ಮಗ್ಗಿ, ಪರೀಕ್ಷೆಗೆ ಮೂವತ್ತು ಶಾರ್ಟ್‌ಕಟ್. ನೋಡೋಕೆ ಕ್ಯಾಲೆಂಡರಿನ ಆಟವೂ ಅದೇ ಥರ ಕಾಣಬಹುದು. ವ್ಯತ್ಯಾಸ ಎಲ್ಲಿ ಅಂದ್ರೆ, ಶಾರ್ಟ್‌ಕಟ್ಟಿನಲ್ಲಿ ಕೀಲಿಕೈ ಹೇಳಿಕೊಟ್ಟವನ ಹತ್ತಿರವೇ ಉಳಿಯುತ್ತೆ. ಲೆಕ್ಕ ಸ್ವಲ್ಪ ಬದಲಾದರೂ ಮಗು ಮತ್ತೆ ಅವನ ಮುಖ ನೋಡಬೇಕು. ಶ್ರೀನಿವಾಸನ್ ಅವರ ದಾರಿಯಲ್ಲಿ ಮೇಷ್ಟ್ರು ಬಾಗಿಲ ತನಕ ಕರೆದುಕೊಂಡು ಹೋಗಿ ನಿಲ್ಲುತ್ತಾರೆ. ತೆರೆಯೋದು ಮಗುವಿನ ಕೆಲಸ. ಇದಕ್ಕೆ ಎಷ್ಟು ತಾಳ್ಮೆ ಬೇಕು ಅಂತ ನಾಲ್ಕು ಭಾನುವಾರ ಕೂತು ನೋಡಿದ ಮೇಲೆ ಗೊತ್ತಾಯ್ತು. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರುವುದಿದೆಯಲ್ಲ, ಅಬ್ಬಬ್ಬಾ... ನಾಲಗೆ ತುದಿಯಲ್ಲಿ ತುರಿಕೆ ಬರುತ್ತೆ.

ಹಾಗಂತ ಆಟ ಆಡಿಸಿಬಿಟ್ಟರೆ ಎಲ್ಲ ಬಂದುಬಿಡುತ್ತೆ ಅಂತ ನಾನು ಹೇಳಲ್ಲ. ಮಗ್ಗಿ ಬರದಿದ್ದರೆ 9 ಗುಣಿಸು 15ಕ್ಕೇ ಅರ್ಧ ಗಂಟೆ ಹಿಡಿಯುತ್ತೆ, ಏಳರ ಸೌಂದರ್ಯ ನೋಡೋಕೆ ಪುರುಸೊತ್ತೇ ಇರಲ್ಲ. ಬಾಯಿಪಾಠವೂ ಬೇಕು, ಅಭ್ಯಾಸವೂ ಬೇಕು. ಶಾಲೆಯ ಮೇಷ್ಟ್ರುಗಳನ್ನು ಬೈದು ಕೈ ತೊಳೆದುಕೊಳ್ಳುವುದೂ ಸುಲಭ. ಕಿಕ್ಕಿರಿದ ಕ್ಲಾಸು, ಮುಗಿಸಲೇಬೇಕಾದ ಪಾಠ, ನಡುವೆ ಜನಗಣತಿ, ಚುನಾವಣೆ ಕೆಲಸ. ನಾನು ಕೂತಿದ್ದು ಒಬ್ಬಳೇ ಹುಡುಗಿಯ ಎದುರು, ವಾರಕ್ಕೊಂದು ಗಂಟೆ, ಯಾರೂ ನನ್ನನ್ನು ರಿಸಲ್ಟ್ ಎಷ್ಟು ಅಂತ ಕೇಳುವವರಿರಲಿಲ್ಲ. ಅದಕ್ಕೇ ಶ್ರೀನಿವಾಸನ್ ದೊಡ್ಡವರು ಅನ್ನಿಸೋದು. ಅವರು ಇದನ್ನೆಲ್ಲ ಮಾಡಿದ್ದು ಹೊರಗೆ ನಿಂತು ಅಲ್ಲ, ಅದೇ ಬೆಲ್ಲು, ಅದೇ ಪರೀಕ್ಷೆ, ಅದೇ ತುಂಬಿದ ಕ್ಲಾಸಿನ ಒಳಗೆ ಇದ್ದುಕೊಂಡೇ.

ಇನ್ನೊಂದು ಮಾತು, ಭಾಷೆಯದು. ನಾನೂ ಹತ್ತರ ತನಕ ಕನ್ನಡದಲ್ಲೇ ಓದಿದವನು. ಪಿಯುಸಿಗೆ ಬಂದಾಗ ತ್ರಿಕೋನಮಿತಿ ಟ್ರಿಗನಾಮೆಟ್ರಿ ಆಗಿ, ವರ್ಗ ಸಮೀಕರಣ ಕ್ವಾಡ್ರಾಟಿಕ್ ಆಗಿ ಒಂದೇ ಬೇಸಿಗೆಯಲ್ಲಿ ಊರು ಬದಲಾದ ಹಾಗಾಗಿತ್ತು. ಅದು ಇಂಗ್ಲಿಷಿನ ಕಷ್ಟ ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ಆದರೆ 'ಬಹುಪದೋಕ್ತಿ' ಅನ್ನೋ ಕನ್ನಡ ಪದ ಈ ಹುಡುಗಿಗೆ ಎಷ್ಟು ಹತ್ತಿರದ್ದು? ಅವಳಿಗೆ ಅದೂ ಪರದೇಶದ್ದೇ. ಡಬ್ಬಿ ಅಂದಾಗ ಮಾತ್ರ ಲೆಕ್ಕ ಅವಳ ಮನೆಯೊಳಗೆ ಬಂತು. ಹನ್ನೆರಡನೇ ಶತಮಾನದಲ್ಲಿ ನಮ್ಮ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದ. ಶಾಸ್ತ್ರ ಅಂದ್ರೆ ಸಂಸ್ಕೃತ ಅನ್ನುವ ಕಾಲದಲ್ಲಿ ಅವನು ಕನ್ನಡಕ್ಕೆ ಕೈಹಾಕಿದ. ಹೆಸರಲ್ಲೇ ಇದೆ ನೋಡಿ ವ್ಯವಹಾರ, ಜನ ದಿನಾ ಮಾಡುವ ಲೆಕ್ಕ. ಮುತ್ತಿಯಾಲ್‌ಪೇಟೆಯ ಮೇಷ್ಟ್ರಿಗೂ ಪೂವಿನಬಾಗೆಯ ಈ ಕವಿಗೂ ನಡುವೆ ಎಂಟುನೂರು ವರ್ಷದ ಅಂತರ, ಆದರೂ ಇಬ್ಬರೂ ಕೂತು ಮಾತಾಡಿದ್ದರೆ ಚೆನ್ನಾಗಿ ಹೊಂದಿಕೆ ಆಗುತ್ತಿತ್ತು ಅನ್ನಿಸುತ್ತೆ.

ಹುಡುಗಿಯ ಕಥೆ ಏನಾಯ್ತು ಅಂತ ಕೇಳ್ತೀರಿ ಅಂತ ಗೊತ್ತು. ಪವಾಡ ಏನೂ ಆಗಲಿಲ್ಲ. ಲೆಕ್ಕದಲ್ಲಿ 47 ಬಂತು. ಪಾಸು. ಆ 47ರಲ್ಲಿ ಕ್ಯಾಲೆಂಡರಿನ ಪಾಲು ಎಷ್ಟೋ, ರಾತ್ರಿ ಹೊತ್ತು ಗೇಟಿನ ಲೈಟಿನ ಕೆಳಗೆ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸಿದ ಅವಳ ಹಠದ ಪಾಲು ಎಷ್ಟೋ... ಎರಡನೆಯದೇ ಜಾಸ್ತಿ ಇರಬೇಕು. ಊರಿಗೆ ಕಳಿಸುವ ಮಾತು ಸದ್ಯಕ್ಕೆ ನಿಂತಿದೆ. ಪಿಯುಸಿಗೆ ಕಾಮರ್ಸ್ ತಗೊಂಡಿದ್ದಾಳೆ, ಅಕೌಂಟೆನ್ಸಿಯಲ್ಲಿ ಎರಡೂ ಕಡೆ ಟ್ಯಾಲಿ ಆದಾಗ ಖುಷಿಯಾಗುತ್ತೆ ಅಂತಾಳೆ. ಅವರಪ್ಪ ಈಗಲೂ "ಲೆಕ್ಕ ನಮ್ ವಂಶದಾಗ ಇಲ್ರಿ" ಅಂತಾರೆ. ಬಿಲ್ಡಿಂಗಿನ ಇಪ್ಪತ್ತನಾಲ್ಕು ಮನೆಯ ಹಾಲಿನ ಪ್ಯಾಕೆಟ್ಟಿನ ಲೆಕ್ಕ ತಿಂಗಳ ಕೊನೆಗೆ ಚೀಟಿ ನೋಡದೇ ಒಪ್ಪಿಸುವ ಮನುಷ್ಯ!

ಇಷ್ಟು ಹೊತ್ತು ಓದಿದ್ದಕ್ಕೆ ಒಂದು ಬಹುಮಾನ. ಕ್ಯಾಲೆಂಡರ್ ಆಯ್ತು, ಈಗ ಬಾಗಿಲ ಮುಂದಿನ ರಂಗೋಲಿ. ಇದು ಮೇಷ್ಟ್ರ ಪುಸ್ತಕದ್ದಲ್ಲ, ಅವರ ಕಣ್ಣು ಸ್ವಲ್ಪ ಸಾಲ ಪಡೆದು ನೋಡಿದಾಗ ಕಂಡದ್ದು. ಏಳರ ಚುಕ್ಕಿ ರಂಗೋಲಿ ಹಾಕುತ್ತಾರಲ್ಲ, ಮೊದಲ ಸಾಲಿಗೆ ಒಂದು, ಆಮೇಲೆ ಮೂರು, ಐದು, ನಡುವೆ ಏಳು, ಮತ್ತೆ ಐದು, ಮೂರು, ಒಂದು. ಒಟ್ಟು ಚುಕ್ಕಿ 25. ಇದರಲ್ಲಿ ನಡುಸಾಲಿನ ತನಕ 16, ಅಂದ್ರೆ ನಾಲ್ಕರ ವರ್ಗ. ಉಳಿದದ್ದು 9, ಮೂರರ ವರ್ಗ. ಎರಡೂ ಸೇರಿ 25, ಅದು ಐದರ ವರ್ಗ! ಅಂದ್ರೆ ಅದೇ ಚುಕ್ಕಿಗಳನ್ನು ಐದೈದರ ಐದು ಸಾಲು ಮಾಡಿ ನೀಟಾಗಿ ಜೋಡಿಸಬಹುದು. ಐದರ ರಂಗೋಲಿಯಲ್ಲಿ 13 ಚುಕ್ಕಿ, ಚೌಕ ಆಗಲ್ಲ. ಒಂಬತ್ತರದ್ದು 41, ಅದೂ ಆಗಲ್ಲ.

ಏಳಾದ ಮೇಲೆ ಮುಂದೆ ಯಾವ ರಂಗೋಲಿಯ ಚುಕ್ಕಿಗಳು ಹೀಗೆ ಪೂರ್ತಿ ಚೌಕ ಆಗುತ್ತವೆ? ಇದೆ, ಒಂದಿದೆ. ಸ್ವಲ್ಪ ದೊಡ್ಡದು, ಅಪಾರ್ಟ್‌ಮೆಂಟಿನ ಬಾಗಿಲ ಮುಂದೆ ಹಿಡಿಸಲ್ಲ, ಹಬ್ಬಕ್ಕೆ ಊರಿಗೆ ಹೋದಾಗ ಅಂಗಳದಲ್ಲಿ ಹಾಕಬಹುದು. ಉತ್ತರ ನನಗೆ ಗೊತ್ತು, ಹೇಳಲ್ಲ. ಮೇಷ್ಟ್ರು ಇದ್ದಿದ್ದರೆ ಅವರೂ ಹೇಳುತ್ತಿರಲಿಲ್ಲ. ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಂಡು ಹುಡುಕಿ, ಸಿಕ್ಕಿದವರು ಕೆಳಗೆ ಬರೆಯಿರಿ. ಹೇಗೆ ಸಿಕ್ಕಿತು ಅನ್ನೋದನ್ನೂ ಬರೆಯಿರಿ, ನನಗೆ ಅದೇ ಮುಖ್ಯ :)